ಹೊಸ್ತಿಲು ತೊಳೆದ ಊರು

ಕಾಂಡ್ಲಕೊಪ್ಪವೆಂಬ ಕಡಲ ದಂಡೆಯ ಊರಲ್ಲಿ ಹನ್ನೆರಡು ಮನೆ. ಮನೆಗೊಂದು ಸುಣ್ಣದ ಗೂಡು, ಎಲ್ಲರಿಗೂ ಸೇರಿ ಒಂದೇ ಒಂದು ಸಿಹಿನೀರಿನ ಬಾವಿ. ಚಿಪ್ಪು ಸುಟ್ಟು ಸುಣ್ಣ ಮಾಡುವುದು ಊರ ಕಸುಬು. ಸುಡಲು ಸೌದೆ ಬೇಕಲ್ಲ? ಕಡಲಿಗೂ ಊರಿಗೂ ನಡುವೆ, ಕೆಸರಲ್ಲಿ ಬೇರು ಹರಡಿಕೊಂಡು ಕಾಂಡ್ಲ ಮರಗಳು ನಿಂತಿದ್ದವು. ಅವನ್ನು ಕಡಿಯಬಾರದೆಂದು ಊರವರೆಲ್ಲ ದೇವರ ಮುಂದೆ ಆಣೆ ಹಾಕಿದ್ದರು. ಆಣೆ ಹಾಕಿದ ಕೈಯಲ್ಲೇ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಕತ್ತಿಯನ್ನೂ ಹಿಡಿದರು, ಬಿಡಿ. ಅದರಲ್ಲಿ ಮೊದಲಿಗ ಊರ ಹಿರಿಯ ಹಮ್ಮಣ್ಣ. ದೊಡ್ಡ ಗೂಡು ಅವನದು, ದೊಡ್ಡ ಬಾಯಿಯೂ ಅವನದೇ.

ಆ ವರ್ಷ ಅವನ ಒಬ್ಬಳೇ ಮಗಳು ಮಂಗಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದ ಮೂರನೇ ದಿನ ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾದ ಹೊತ್ತು. ಗಾಳಿಯಿಲ್ಲ, ಅಲೆಯಿಲ್ಲ, ಒಂದು ಕಾಗೆಯ ಸದ್ದೂ ಇಲ್ಲ. ಜಗಲಿಯಲ್ಲಿ ಮಲಗಿದ್ದ ಹಮ್ಮಣ್ಣ ಕಣ್ಣು ಬಿಟ್ಟರೆ, ಕಡಲು ಅಂಗಳದಲ್ಲಿ ನಿಂತಿತ್ತು.

ಕರೆಯದೆ ಬಂದ ನೆಂಟರ ಹಾಗೆ ಅದು ಮೆಟ್ಟಿಲು ಹತ್ತಿತು. ಹೊಸ್ತಿಲು ಮುಟ್ಟಿತು. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಸರಿಯಿತು. ಬೆಳಗಿನ ರಂಗೋಲಿ ಅಳಿಸಿಹೋಗಿ, ಅದರ ಜಾಗದಲ್ಲಿ ಬೆಳ್ಳಗೆ ಒಂದು ಉಪ್ಪಿನ ಗೆರೆ ಉಳಿದಿತ್ತು.

ಮಾರನೇ ದಿನ ಬಾವಿಕಟ್ಟೆಯಲ್ಲಿ ಗುಸುಗುಸು ಎದ್ದಿತು. ಮರ ಕಡಿದವರ ಹೊಸ್ತಿಲಿಗೆ ಮಾತ್ರ ಉಪ್ಪು ಹತ್ತುತ್ತದಂತೆ! ಹೇಳಿದವರು ಯಾರೋ, ಕೇಳಿದವರೆಲ್ಲರ ಮುಖ ಮಾತ್ರ ಬಿಳುಚಿತು. ಹಮ್ಮಣ್ಣ ಮನೆಗೆ ಓಡಿ ಬಂದು ಹೆಂಡತಿಯನ್ನು ಕೂಗಿದ.

"ಏ ಇವಳೇ, ಯಾರೂ ನೋಡುವ ಮೊದಲು ಹೊಸ್ತಿಲು ತೊಳಿ!"

"ಇಪ್ಪತ್ತು ಕೊಡ ಸುರಿದಾಯ್ತು. ಹೋಗೂದಿಲ್ಲ ಅದು" ಎಂದಳು ಹೆಂಡತಿ ನಾಗಮ್ಮ.

"ಇನ್ನೂ ಇಪ್ಪತ್ತು ಸುರಿ. ನೀರು ದೊಡ್ಡದೋ ಮಾನ ದೊಡ್ಡದೋ?"

ತೊಳೆದರು. ಮರುದಿನ ಗೆರೆ ಒಂದು ಬೆರಳು ಮೇಲೆ ಬಂದಿತ್ತು. ಮತ್ತೆ ತೊಳೆದರು. ಮತ್ತೊಂದು ಬೆರಳು. ಒಂದು ದಿನ ಪಕ್ಕದ ಮನೆಯ ಬೀರಕ್ಕ ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಏನು ಹಮ್ಮಣ್ಣಾ, ಹೊಸ್ತಿಲು ಥಳಥಳ ಅಂತದೆ! ಅಳಿಯ ಬರ್ತಾನೆಯೋ?"

"ನಿನ್ನದೇನು ಕಮ್ಮಿಯಾ ಬೀರಕ್ಕಾ? ಎಲೆಯಿಲ್ಲದೆ ಅಲ್ಲೇ ಅನ್ನ ಹಾಕ್ಕೊಂಡು ಉಣ್ಣಬಹುದು."

ಇಬ್ಬರೂ ನಕ್ಕರು. ಇಬ್ಬರ ಬಟ್ಟೆಯೂ ಮೊಣಕಾಲವರೆಗೆ ಒದ್ದೆ.

ಆಮೇಲೆ ಊರಲ್ಲಿ ಏನೇನೋ ಆಗತೊಡಗಿತು. ಕಪ್ಪೆಗಳ ದನಿ ನಿಂತಿತು. ನಾಗಮ್ಮ ಅಕ್ಕಿಯ ಮಡಕೆಗೆ ಕೈ ಹಾಕಿದರೆ ಒಳಗೊಂದು ಏಡಿ ಕೂತಿತ್ತು. ಮಳೆ ಬರಬೇಕಾದ ತಿಂಗಳಲ್ಲಿ ಬಿಸಿಲು ಸುಟ್ಟಿತು. ತುಂಬು ಬಸುರಿ ಮಂಗಲಾ ಒಂದು ಸಂಜೆ ಬಾವಿಕಟ್ಟೆಯಿಂದ ಬೆವರುತ್ತಾ ಬಂದಳು.

"ಅಪ್ಪಾ, ಬಾವಿಯೊಳಗೆ ಯಾರೋ ಉಸಿರಾಡ್ತಾರೆ."

ಹಮ್ಮಣ್ಣ ಹೋಗಿ ಬಗ್ಗಿ ನೋಡಿದ. ತಳದಲ್ಲಿ ಉಳಿದಿದ್ದ ಚೂರು ನೀರು ಮೆಲ್ಲಗೆ ಮೇಲೆ ಬರುತ್ತಿತ್ತು, ಮೆಲ್ಲಗೆ ಕೆಳಗೆ ಹೋಗುತ್ತಿತ್ತು. ಮಲಗಿದವರ ಎದೆಯ ಹಾಗೆ. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬಾವಿಯ ಅಷ್ಟೂ ನೀರು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲವೇ?

ಮಂಗಲಾ ಹೆತ್ತಳು. ಹೆಣ್ಣುಕೂಸು. ಸೂಲಗಿತ್ತಿ ಸುಕ್ರಜ್ಜಿ ಕೂಸಿಗೆ ನೀರು ಹಾಕಿದಳು. ಹನಿ ತುಟಿಗೆ ತಾಗಿದ್ದೇ ತಡ, ಕೂಸು ಮುಖ ಕಿವುಚಿ ಚೀರಿತು. ಮುದುಕಿ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡು ಹಮ್ಮಣ್ಣನನ್ನು ಒಳಗೆ ಕರೆದಳು.

"ತಮ್ಮಾ, ಇದು ಬಾವಿ ನೀರಲ್ಲ. ಕಡಲು."

"ಕಡಲು ಬಾವಿಗೆ ಹೇಗೆ ಬರ್ತದೆ ಅಜ್ಜೀ?"

"ನೀವೇ ಕರೆದದ್ದು. ಗೂಡಿನ ಹೊಗೆ ಎಲ್ಲಿ ಹೋಯ್ತು ಅಂದ್ಕೊಂಡೆ? ಎಲ್ಲೂ ಹೋಗ್ಲಿಲ್ಲ. ನಮ್ಮ ಹನ್ನೆರಡು ಗೂಡು, ಕಡಲಾಚೆಯ ಸಾವಿರ ಸಾವಿರ ಗೂಡು, ಎಲ್ಲದರ ಹೊಗೆಯೂ ಮೇಲೆ ಕಂಬಳಿ ಆಗಿ ಕೂತಿದೆ. ಕಂಬಳಿಯೊಳಗೆ ಭೂಮಿ ಬೇಯ್ತದೆ, ಕಡಲು ಉಬ್ಬುತ್ತದೆ. ತಡೀಲಿಕ್ಕೆ ಇದ್ದ ಕಾಂಡ್ಲವನ್ನು ಕಡಿದು ಸುಟ್ಟಿರಿ. ಸಾಲದ್ದಕ್ಕೆ ಬಾವಿಯ ಸಿಹಿನೀರನ್ನೆಲ್ಲ ಹೊಸ್ತಿಲಿಗೆ ಹೊಯ್ದಿರಿ. ಖಾಲಿಯಾದ ಜಾಗಕ್ಕೆ ಉಪ್ಪುನೀರು ನುಗ್ಗದೆ ಇರ್ತದಾ?"

ಹಮ್ಮಣ್ಣ ಬಾವಿಗೆ ಓಡಿದ. ಸುಡು ಮಧ್ಯಾಹ್ನ. ಅಲ್ಲಿ ಉಳಿದ ಹನ್ನೊಂದು ಮನೆಯವರೂ ಹೊಸ್ತಿಲು ತೊಳೆಯುವ ನೀರಿಗೆ ಕೊಡ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರೂ ತಾನೊಬ್ಬನೇ ಕಳ್ಳ ಎಂದುಕೊಂಡಿದ್ದವರು!

ಹಮ್ಮಣ್ಣನಿಗೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಲ್ಲಬೇಕು, ಇಲ್ಲ ಮಾನ ಬಿಡಬೇಕು. ಮೊಮ್ಮಗಳ ಚೀರಾಟ ಕಿವಿಯಲ್ಲಿತ್ತು.

"ಮೊದಲ ಕಾಂಡ್ಲ ಕಡಿದವನು ನಾನು" ಎಂದ. "ಬನ್ನಿ, ನನ್ನ ಹೊಸ್ತಿಲು ನೋಡಿ. ಇನ್ನು ತೊಳೆಯೂದಿಲ್ಲ. ಇವತ್ತಿಂದ ನನ್ನ ಗೂಡು ತಣ್ಣಗೆ."

ಬೀರಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಪಾಪ, ಮಹಾತ್ಮ! ನಿನ್ನ ಒಂದು ಗೂಡು ಆರಿದರೆ ಕಡಲು ಇಳೀತದಾ?"

"ಇಳಿಯೂದಿಲ್ಲ ಬೀರಕ್ಕಾ. ನಾನು ಏರಿಸೂದು ನಿಲ್ತದೆ. ನೀನೂ ನಿಲ್ಲಿಸು ಅನ್ನಲಿಕ್ಕೆ ನನಗೆ ಬಾಯಿ ಬರ್ತದೆ."

ಅಂದೇ ಬೀರಕ್ಕನ ಗೂಡೂ ಆರಿತು, ಬೈಯುತ್ತಲೇ. ವಾರದೊಳಗೆ ಏಳು ಆರಿದವು. ಉಳಿದ ಐದು ಹೊಗೆಯಾಡುತ್ತಲೇ ಇದ್ದವು.

ಆದರೆ ಬಾವಿ ಸಿಹಿಯಾಗಲಿಲ್ಲ. ಹನ್ನೊಂದು ದಿನದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮಂಗಲಾ ದೋಣಿ ಹತ್ತಿ ಗಂಡನ ಮನೆಗೆ ಹೊರಟಳು. ತವರಲ್ಲಿ ನೀರಿಲ್ಲವೆಂದು ಬಾಣಂತಿಯನ್ನು ಕಳಿಸಿದ್ದು ಎಲ್ಲಾದರೂ ಉಂಟೇ? ಬೀಗಿತ್ತಿ ಏಳೂರಿಗೆ ಸಾರಿದಳು. ಹಮ್ಮಣ್ಣ ದೋಣಿ ಮರೆಯಾದ ಮೇಲೆ ಬೋಳಾದ ಕೆಸರಿಗಿಳಿದು ಅಲೆ ತಂದು ಹಾಕಿದ ಕಾಂಡ್ಲದ ಉದ್ದನೆಯ ಬೀಜಗಳನ್ನು ಊರತೊಡಗಿದ. ಬೀರಕ್ಕ ಬುಟ್ಟಿ ಹಿಡಿದು ಹಿಂದೆ ಬಂದಳು.

ನಡುಮಧ್ಯಾಹ್ನ ಅವನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ಕಡಲು ಬಂದು ಬೆನ್ನ ಹಿಂದೆ ನಿಂತಿತ್ತು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ, ಅವನು ಏನು ಮಾಡುತ್ತಾನೆಂದು ನೋಡುವ ಹಾಗೆ.

"ತಿರುಗಬೇಡ ಹಮ್ಮಣ್ಣಾ" ಎಂದಳು ಬೀರಕ್ಕ ಪಿಸುದನಿಯಲ್ಲಿ. "ನೆಡು."

ಅವನು ಇನ್ನೊಂದು ಬೀಜಕ್ಕೆ ಕೈ ಚಾಚಿದ.

ನೀತಿ: ತಪ್ಪಿನ ಗುರುತನ್ನು ತೊಳೆದರೆ ತಪ್ಪು ಹೋಗುವುದಿಲ್ಲ, ಕುಡಿಯುವ ನೀರು ಹೋಗುತ್ತದೆ. ಭೂಮಿ ಕಾದಿರುವುದು ಎಲ್ಲರ ಹೊಗೆಯಿಂದ. ಹಾಗೆಂದು ಪಕ್ಕದ ಮನೆಯ ಬೆಂಕಿ ಆರಲಿ ಎಂದು ಕಾಯುತ್ತಾ ಕೂರಬೇಡಿ. ಮೊದಲು ನಿಮ್ಮದನ್ನು ಆರಿಸಿ, ಕಡಿದಲ್ಲಿ ನೆಡಿ. ತಡವಾಗಿ ನೆಟ್ಟವನಿಗೆ ಕಳೆದದ್ದು ಸಿಗಲಿಕ್ಕಿಲ್ಲ. ನೆಡದವನಿಗೆ ಉಳಿದದ್ದೂ ಸಿಗದು.