ನಿಂತ ಸೈಕಲ್ಲಿನ ಬೆಟ್ಟ

"ಯಾರಿಗೂ ಕೇಡು ಮಾಡದ ಸುಳ್ಳನ್ನೂ ಸುಳ್ಳೆಂದೇ ಕರೆಯಬೇಕೇ, ಗುರುಗಳೇ?" ಎಂದು ಶಿಷ್ಯ ಮಹಾಂತಯ್ಯ ಕೇಳಿದ. ಯಾರ ಗಂಟನ್ನೂ ಕದ್ದಿಲ್ಲ, ಯಾರ ಮೇಲೂ ಚಾಡಿ ಹೇಳಿಲ್ಲ. ತನ್ನಷ್ಟಕ್ಕೆ ತಾನು ತುಸು ದೊಡ್ಡವನಾಗಿ ಕಾಣಿಸಿಕೊಂಡರೆ ಅದರಿಂದ ಲೋಕಕ್ಕೇನು ನಷ್ಟ ಎಂಬುದು ಅವನ ವಾದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದ. ತೊಗರಿ, ಕಡಲೆ, ಹೆಸರು ಮಾರುತ್ತಿದ್ದ. ಅವನ ತಕ್ಕಡಿಯ ಮೇಲೆ ಊರಿಗೆಲ್ಲ ನಂಬಿಕೆ. ಮಕ್ಕಳನ್ನು ಕಳಿಸಿದರೂ ತೂಕದಲ್ಲಿ ಒಂದು ಹಿಡಿ ಕಡಿಮೆಯಾಗುತ್ತಿರಲಿಲ್ಲ. ದಿನವಿಡೀ ಗಾದಿಯ ಮೇಲೆ ಕೂತು ಕೂತು ಅವನ ಮೈ ಬೆಳೆಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೈ ಬೆವರುವಂತೆ ಏನಾದರೂ ಮಾಡು ಎಂದು ವೈದ್ಯರು ಹೇಳಿದರು. ಬೀದಿಯಲ್ಲಿ ಓಡಲು ಅವನಿಗೆ ನಾಚಿಕೆ. ಆಗ ಮಗಳು ಒಂದು ಸೈಕಲ್ ತರಿಸಿಕೊಟ್ಟಳು.

ಅದು ನಿಂತಲ್ಲೇ ನಿಲ್ಲುವ ಸೈಕಲ್. ಎದುರಿಗೆ ಒಂದು ಪರದೆ. ಪೆಡಲ್ ತುಳಿದರೆ ಪರದೆಯೊಳಗೆ ಒಂದು ಬೊಂಬೆ ಸೈಕಲ್ ಏರಿ ಮುಂದಕ್ಕೆ ಹೋಗುತ್ತದೆ. ಬೇರೆ ಬೇರೆ ಊರಿನವರು ತಮ್ಮ ತಮ್ಮ ಮನೆಯಲ್ಲೇ ಇದ್ದು ಅದೇ ದಾರಿಯಲ್ಲಿ ತುಳಿಯುತ್ತಾರೆ. ಒಬ್ಬರ ಬೊಂಬೆ ಇನ್ನೊಬ್ಬರಿಗೆ ಕಾಣುತ್ತದೆ. ಬರೆದು ಮಾತಾಡಿಕೊಳ್ಳಲೂಬಹುದು. ದಾರಿಯ ಕೊನೆಗೊಂದು ಬೆಟ್ಟ. ಅದನ್ನು ಗಡುವಿನೊಳಗೆ ಹತ್ತಿದವರ ಬೊಂಬೆಗೆ ಚಿನ್ನದ ಬಣ್ಣದ ಅಂಗಿ ಸಿಗುತ್ತದೆ. ಅದನ್ನು ಮಾರಲಾಗದು, ಮೈಮೇಲೆ ತೊಡಲಾಗದು. ಆದರೂ ಆ ಅಂಗಿಯ ಬೊಂಬೆ ಪಕ್ಕದಲ್ಲಿ ಹಾದುಹೋದರೆ ಉಳಿದವರು ಭೇಷ್ ಎನ್ನುತ್ತಿದ್ದರು.

ವ್ಯಾಪಾರಿ ಸೇರಿದ ಹೊಸತರಲ್ಲೇ ದೂರದ ಊರಿನ ಒಬ್ಬ ಶಿಕ್ಷಕಿಯೂ ಆ ದಾರಿಗೆ ಬಂದಳು. ಕೆಲಸದಿಂದ ನಿವೃತ್ತಳಾಗಿದ್ದಳು. ಎದೆಯ ಕಾಯಿಲೆಯಿಂದ ಎದ್ದವಳು. ವಯಸ್ಸಿನಲ್ಲಿ, ತೂಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಅದನ್ನು ಹೇಳಿಕೊಂಡು ನಕ್ಕಿದ್ದರು. ಬೆಟ್ಟದ ಮೂರನೆಯ ತಿರುವಿನಲ್ಲಿ ಇಬ್ಬರಿಗೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇಬ್ಬರೂ ಅಲ್ಲಿಂದಲೇ ಹಿಂದಿರುಗುತ್ತಿದ್ದರು.

ಆ ಯಂತ್ರ ಮೊದಲಿಗೆ ತುಳಿಯುವವನ ತೂಕ ಕೇಳುತ್ತದೆ. ತೂಕ ಹೆಚ್ಚಿರುವವನ ಬೊಂಬೆ ಬೆಟ್ಟವನ್ನು ನಿಧಾನವಾಗಿ ಹತ್ತುತ್ತದೆ, ಹಗುರವಾದವನದು ಬೇಗ. ಹೇಳಿದ ತೂಕ ನಿಜವೋ ಅಲ್ಲವೋ ಎಂದು ಅದು ನೋಡುವುದಿಲ್ಲ. ಇದು ವ್ಯಾಪಾರಿಗೆ ಯಾರಿಂದಲೋ ತಿಳಿಯಿತು. ಮೊದಲು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಮೂರನೆಯ ತಿರುವಿನಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ಹಿಂದಿನಿಂದ ಬಂದವರೆಲ್ಲ ಅವನನ್ನು ದಾಟಿ ಹೋದರು. ತಕ್ಕಡಿಯಲ್ಲಿ ಒಂದು ಹಿಡಿಯೂ ಕದಿಯದವನು ಮರುದಿನ ಯಂತ್ರಕ್ಕೆ ಹೇಳುವ ತನ್ನ ತೂಕದಲ್ಲಿ ಅರ್ಧ ಕದ್ದ.

ಬೊಂಬೆ ಹಕ್ಕಿಯಂತೆ ಬೆಟ್ಟ ಹತ್ತಿತು. ಚಿನ್ನದ ಅಂಗಿ ಸಿಕ್ಕಿತು. ಎಲ್ಲರೂ ಹೊಗಳಿದರು. ಮನಸ್ಸು ಸ್ವಲ್ಪ ಚುಚ್ಚಿತು. ಯಾರ ಮನೆಯದೇನು ಹೋಯಿತು ಎಂದು ಅವನು ಅದಕ್ಕೆ ಸಮಾಧಾನ ಹೇಳಿದ.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಶಿಕ್ಷಕಿ. ನೀವು ಹತ್ತಿದ ಮೇಲೆ ನನಗೂ ಧೈರ್ಯ ಬಂತು, ಆ ತಿರುವಿನಲ್ಲಿ ಉಸಿರು ಸಿಕ್ಕಿಕೊಂಡಾಗ ಏನು ಮಾಡಿದಿರಿ ಎಂದು ಕೇಳಿ ಬರೆದಳು. ವ್ಯಾಪಾರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವಂತೆಯೂ ಇರಲಿಲ್ಲ. ಉಸಿರು ಸಿಕ್ಕಿಕೊಂಡರೂ ನಿಲ್ಲಿಸಬೇಡಿ, ಎದ್ದು ನಿಂತು ತುಳಿಯಿರಿ, ಆಮೇಲೆ ತಾನೇ ಸರಿಹೋಗುತ್ತದೆ ಎಂದು ಬರೆದ. ಅವಳು ಕೃತಜ್ಞತೆ ಹೇಳಿದಳು.

ಅಂದಿನಿಂದ ಶಿಕ್ಷಕಿಯ ಬೊಂಬೆ ದಾರಿಯಲ್ಲಿ ಕಾಣಲಿಲ್ಲ. ಬೇರೆ ಊರಿಗೆ ಹೋಗಿರಬೇಕು ಎಂದುಕೊಂಡ. ವಾರ ಕಳೆದರೂ ಬರಲಿಲ್ಲ. ಬರೆದರೆ ಉತ್ತರವಿಲ್ಲ. ಉಳಿದವರಿಗೆ ಏನೂ ಗೊತ್ತಿಲ್ಲ. ಅವಳ ಎದೆಯ ಕಾಯಿಲೆ ಅವನಿಗೆ ಆಗ ನೆನಪಾಯಿತು. ಊಟ ಸೇರಲಿಲ್ಲ. ಗಿರಾಕಿ ತೊಗರಿ ಕೇಳಿದರೆ ಕಡಲೆ ತೂಗಿದ. ಕೊನೆಗೆ ಅಂಗಡಿ ಮುಚ್ಚಿ ಬಸ್ಸು ಹತ್ತಿದ.

ಅವಳ ಊರಿನ ಹೆಸರು ಮಾತ್ರ ಅವನಿಗೆ ಗೊತ್ತಿತ್ತು. ಶಾಲೆಯ ಹತ್ತಿರ ವಿಚಾರಿಸಿದಾಗ ಮನೆ ತೋರಿಸಿದರು. ಬಾಗಿಲ ಮುಂದೆ ನಿಂತು ಒಳಗೆ ಇಣುಕಿದ. ಹೆಂಗಸೊಬ್ಬಳು ಮಣೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಪಕ್ಕದಲ್ಲಿ ಅವಳ ಗಂಡ ಕೂತಿದ್ದ. ವ್ಯಾಪಾರಿ ತನ್ನ ಹೆಸರು ಹೇಳಿದ. ಅವಳು ಮುಖ ಅರಳಿಸಿ, ಬನ್ನಿ ಎಂದಳು. ಅವಳೇ ಶಿಕ್ಷಕಿ. ವ್ಯಾಪಾರಿ ಅಲ್ಲೇ ನೆಲದ ಮೇಲೆ ಕೂತ. ಅವನು ಅಳುತ್ತಿದ್ದಾನೆಂದು ಅವಳಿಗೆ ತಡವಾಗಿ ತಿಳಿಯಿತು.

ನಡೆದದ್ದನ್ನು ಅವಳೇ ಹೇಳಿದಳು. ಅವನು ಹೇಳಿದಂತೆ ಎದ್ದು ನಿಂತು ತುಳಿದಿದ್ದಳು. ಎದೆ ಬಿಗಿದು ಕಣ್ಣು ಕತ್ತಲೆ ಬಂದಿತ್ತು. ಬೀಳುವ ಮೊದಲು ಗಂಡ ಹಿಡಿದುಕೊಂಡಿದ್ದ. ವೈದ್ಯರು ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಸ್ವಲ್ಪ ದಿನ ಸುಮ್ಮನಿರಿ ಎಂದಿದ್ದರು. ನಿಮ್ಮದೇನೂ ತಪ್ಪಿಲ್ಲ ಎಂದು ಅವಳು ಅವನಿಗೇ ಸಮಾಧಾನ ಹೇಳಿದಳು. ನೀವು ಗಟ್ಟಿಗರು, ಹತ್ತಿದಿರಿ. ನನ್ನ ಮೈ ಮುಗಿದುಹೋಗಿದೆ ಎಂದು ನನಗೀಗ ಗೊತ್ತಾಯಿತು, ಆ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಳು.

ಅವನು ಸುಮ್ಮನೆ ಎದ್ದು ಬರಬಹುದಿತ್ತು. ಅವಳ ಜೀವ ಉಳಿದಿತ್ತು, ಯಾರೂ ಅವನನ್ನು ಕೇಳಿರಲಿಲ್ಲ. ವ್ಯಾಪಾರಿ ತಲೆ ತಗ್ಗಿಸಿದ.

"ಅಕ್ಕಾ, ನಾನು ಆ ಬೆಟ್ಟ ಹತ್ತಿಲ್ಲ. ತೂಕ ಸುಳ್ಳು ಹೇಳಿದೆ. ಮೂರನೆಯ ತಿರುವಿನಲ್ಲಿ ನನಗೂ ಉಸಿರು ಸಿಕ್ಕಿಕೊಳ್ಳುತ್ತದೆ."

ಗಂಡ ಎದ್ದು ಒಳಗೆ ಹೋದ. ಆಮೇಲೆ ಹೊರಗೆ ಬರಲಿಲ್ಲ. ಶಿಕ್ಷಕಿಯ ಕೈ ಅವರೆಕಾಯಿಯ ಬುಟ್ಟಿಯಲ್ಲೇ ನಿಂತಿತು. ಬೈಗುಳಕ್ಕಾಗಿ ವ್ಯಾಪಾರಿ ಕಾದ. ಅವಳು ಒಂದು ದೊಡ್ಡ ಉಸಿರು ಬಿಟ್ಟಳು.

"ಹಾಗಾದರೆ ಸೋತವಳು ನಾನೊಬ್ಬಳೇ ಅಲ್ಲ."

ಅಷ್ಟು ಹೇಳಿ ನಕ್ಕಳು. ಇಷ್ಟು ದಿನ ನನ್ನ ಎದೆಯನ್ನೇ ಶಪಿಸಿಕೊಂಡೆನಲ್ಲ ಎಂದು ನಕ್ಕಳು. ನಗುತ್ತಲೇ ಅವನಿಗೆ ಚೆನ್ನಾಗಿ ಬೈದಳು. ಬೈಸಿಕೊಳ್ಳುತ್ತಿದ್ದ ಹಾಗೆ ವ್ಯಾಪಾರಿಗೆ ಹಸಿವಾಯಿತು. ಅವಳ ಮನೆಯಲ್ಲೇ ಊಟ ಮಾಡಿದ. ಹಿಂದಿರುಗುವಾಗ ಬಸ್ಸಿನಲ್ಲಿ ಊರು ಬಂದದ್ದೂ ತಿಳಿಯದಷ್ಟು ನಿದ್ದೆ ಹೋದ.

ಮನೆಗೆ ಬಂದು ಯಂತ್ರಕ್ಕೆ ನಿಜವಾದ ತೂಕ ಹೇಳಿದ. ಅಂಗಿ ಬಿಟ್ಟುಕೊಟ್ಟ. ದಾರಿಯ ಜೊತೆಗಾರರಿಗೆಲ್ಲ ನಡೆದದ್ದನ್ನು ಬರೆದ. ಕೆಲವರು ಆಡಿಕೊಂಡರು, ಕೆಲವರು ಮಾತು ಬಿಟ್ಟರು. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಶಿಕ್ಷಕಿಯೂ ಬಂದಳು. ಉಸಿರು ಸಿಕ್ಕಿಕೊಂಡರೆ ಇಬ್ಬರೂ ನಿಲ್ಲುತ್ತಿದ್ದರು. ಉಸಿರು ಬಂದ ಮೇಲೆ ಮತ್ತೆ ತುಳಿಯುತ್ತಿದ್ದರು. ಚಳಿಗಾಲದ ಒಂದು ಬೆಳಿಗ್ಗೆ ಶಿಕ್ಷಕಿ ಬೆಟ್ಟದ ತುದಿ ಮುಟ್ಟಿದಳು. ಬಹಳ ಹೊತ್ತಿನ ಮೇಲೆ ವ್ಯಾಪಾರಿಯೂ ಮುಟ್ಟಿದ. ಗಡುವು ಯಾವಾಗಲೋ ಮೀರಿತ್ತು. ಇಬ್ಬರಿಗೂ ಅಂಗಿ ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.  ಆ ಶಿಕ್ಷಕಿ ಕೇಳದೆ ಇದ್ದಿದ್ದರೆ ಆ ಸುಳ್ಳಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲವಲ್ಲ ಎಂದ ಮಹಾಂತಯ್ಯ.

"ಮುಂದೆ ಹೋದವನನ್ನು ಹಿಂದೆ ಉಳಿದವರು ದಾರಿ ಕೇಳದೆ ಬಿಡುತ್ತಾರೆಯೇ, ಅಪ್ಪಾ?" ಎಂದರು ಗುರುಗಳು.