ಮರೀಗೌಡರ ಪಿಕಪ್ಪಿಗೆ ಆಕ್ಸಲ್ ಕೂರಿಸಿದ್ದು

ಆಗೆಲ್ಲ ನಮ್ಮೂರ ಹೆಂಗಸರು ಟೊಮೇಟೊ ಬಿಡಿಸೋಕೆ ಹೋಗುತ್ತಿದ್ದುದು ಮರೀಗೌಡರ ಹಳೇ ಪಿಕಪ್ಪಿನ ಹಿಂದೆ ಕೂತು, ಹಾಡು ಹೇಳಿಕೊಂಡು. ಎಂಥ ಕಾಲವಪ್ಪ ಅದು! ಒಂದು ದಿನ ಅದರ ಹಿಂದಿನ ಆಕ್ಸಲ್ ಮುರಿಯಿತು.

“ಹೊಸದು ಗಿಸದು ಬೇಡ ದಸ್ತಗೀರ, ಬೆಸುಗೆ ಹಾಕು. ನಾನು ಹೇಳಿದ ಮೇಲೆ ಮುಗೀತು,” ಅಂದರು ಗೌಡರು.

ಬೆಸುಗೆ ಇಳಿಜಾರಲ್ಲಿ ಬಿಟ್ಟರೆ ಹಿಂದೆ ಕೂತ ಹೆಂಗಸರ ಗತಿ ಏನು? ಮೆಕಾನಿಕ್ ದಸ್ತಗೀರ ಮುರಿದ ಆಕ್ಸಲನ್ನು ತಿರುಗಿಸಿ ನೋಡುತ್ತ ಯೋಚಿಸಿದ. ಎದುರಾಡಿದರೆ ಗೌಡರು ಕೇಳುವವರಲ್ಲ.

“ಆಗಲಿ ಗೌಡ್ರೆ. ಆದ್ರೆ ನಮ್ಮ ಶೆಡ್ಡಿನ ಪದ್ಧತಿ ಒಂದೈತೆ. ಬೆಸುಗೆ ಹಾಕಿದ ಗಾಡಿ ಮೊದಲ ಸಲ ಇಳಿಜಾರು ಇಳಿಯುವಾಗ ಯಜಮಾನ್ರೇ ಹಿಂದೆ ಕೂರಬೇಕು.”

ಗೌಡರು ಎಲೆಅಡಿಕೆ ಅಗಿಯುವುದೇ ನಿಂತಿತು.

“ಹೊಸದು ಹಾಕಿದ್ರೆ?”

“ಗಾಲಿಯಡಿ ಒಂದು ನಿಂಬೆಹಣ್ಣಿಟ್ಟರೆ ಸಾಕು.”

“ಮತ್ತೇನು ನೋಡ್ತಾ ನಿಂತಿದ್ದೀಯ? ಹೊಸದೇ ಹಾಕಯ್ಯ! ನಿಂಬೆಹಣ್ಣು ನಾನೇ ತರ್ತೀನಿ.”