ಒಡ್ಡಿನ ಬುಡದಲ್ಲಿ ಊಟ

ಬಾಪುಗೌಡರು ತಮ್ಮ ಹೊಲದಲ್ಲಿ ಮಣ್ಣಿನ ಒಡ್ಡು ಕಟ್ಟಿಸಿ, ಹಳ್ಳದ ನೀರನ್ನೆಲ್ಲ ತಮ್ಮ ಕಬ್ಬಿಗೇ ನಿಲ್ಲಿಸಿಕೊಂಡಿದ್ದರು. ಮಳೆಗಾಲದಲ್ಲಿ ಅದು ತುಂಬಿ, ಬುಡದಲ್ಲಿ ಕೆಸರುನೀರು ಜಿನುಗತೊಡಗಿತು. ಒಡ್ಡಿನ ಕೆಳಗೇ ಬಡವರ ಓಣಿ. ಅವರು "ತೂಬು ತೆಗೆದು ನೀರು ಇಳಿಸ್ರಿ ಗೌಡ್ರ" ಎಂದು ಕೈಮುಗಿದರೆ, ಗೌಡರು ಮೀಸೆ ತಿರುವಿ, "ನನ್ನ ಒಡ್ಡು ಅಂದ್ರ ಕಲ್ಲಿನ ಕ್ವಾಟಿ!" ಎಂದು ಗದರಿಸುತ್ತಿದ್ದರು.

ದೂರು ಹೋಗಿ, ನೀರಾವರಿ ಸಾಹೇಬರು ನೋಡಲು ಬರುವುದೆಂದಾಯಿತು. ಗೌಡರು ಅಡಿಗೆಯ ಫಕೀರವ್ವನನ್ನು ಕರೆದರು. ಅವಳ ಮನೆಯೂ ಅದೇ ಓಣಿಯಲ್ಲಿ.

"ಹೋಳಿಗಿ ಮಾಡು. ಸಾಹೇಬ್ರು ಕೇಳಿದ್ರ, ಒಡ್ಡಿನ ಕೆಳಗ ನಾವು ಆರಾಮ ಅದೀವಿ ಅನ್ನು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ಆತ್ರಿ," ಎಂದಳು ಫಕೀರವ್ವ.

ಸಾಹೇಬರು ಬಂದರು. ಗೌಡರು ಒಡ್ಡಿನ ಮೇಲೆ ನಿಂತು ಬಾಯಿ ಒಣಗುವವರೆಗೆ ಅದರ ಗಟ್ಟಿತನ ಹೊಗಳಿದರು. ಊಟಕ್ಕೆಂದು ಇಳಿದು ನೋಡಿದರೆ, ಫಕೀರವ್ವ ಒಡ್ಡಿನ ಬುಡದಲ್ಲೇ ಚಾಪೆ ಹಾಸಿ ಎಲೆ ಹಾಕಿದ್ದಳು.

"ಇಲ್ಲ್ಯಾಕ ಹಾಕೀದಿ?" ಎಂದರು ಗೌಡರು, ಕೆಸರಿನಿಂದ ಕಾಲು ಹಿಂದೆ ತೆಗೆಯುತ್ತ.

"ನಾವು ದಿನಾ ಉಂಡು ಮಲಗೂದು ಇಲ್ಲೇ ಅಲ್ರಿ. ಭಾಳ ಆರಾಮ ಅದ."

ಸಾಹೇಬರು ಮೇಲೊಮ್ಮೆ ನೋಡಿ, "ಮೊದಲು ಒಡ್ಡಿನ ಮಾಲಕರು ಕೂಡ್ಲಿ," ಎಂದು ನಿಂತೇ ಇದ್ದರು.

ಗೌಡರು ಕೂತರು. ಜಿನುಗುವ ನೀರಿಗೆ ಧೋತರ ತೊಯ್ದುಹೋಯಿತು. ಅಷ್ಟರಲ್ಲಿ ಮೇಲಿನಿಂದ ಒಂದು ಮಣ್ಣಿನ ಹೆಂಟೆ ಜಾರಿ, ನೇರ ಅವರ ಸಾರಿನಲ್ಲಿ ಬಿತ್ತು.

"ತೂಬು ತೆಗೀರೋ! ಮೊದ್ಲ ತೂಬು ತೆಗೀರೋ!" ಎಂದು ಚೀರುತ್ತ ಗೌಡರು ಧೋತರ ಎತ್ತಿಕೊಂಡು ದಿನ್ನೆಯತ್ತ ಓಡಿದರು.

ಓಣಿಯವರು ನಗುತ್ತ ಹೋಗಿ ತೂಬು ತೆಗೆದರು. ಫಕೀರವ್ವ ತುಪ್ಪದ ಗಿಂಡಿ ಹಿಡಿದು ಕೂಗಿದಳು: "ಓಡಬ್ಯಾಡ್ರಿ ಗೌಡ್ರ, ಹೋಳಿಗಿಗೆ ತುಪ್ಪ ಇನ್ನೂ ಹಾಕಿಲ್ಲ!"